ಹಾರ್ನ್ ಇಲ್ಲದ ಹಾದಿ ಬೇಕೇ? ಹುಲಗೂರ ಕಡೆ ಬರ್ರಿ!

ಹುಲಗೂರು: ಬಸ್ಸಿನ ದಾರಿ ಕಾದು ಕಾದು ಕಾಲು ಸೋತವರು ಒಂದು ಸಲ ತಲೆ ತಿರುಗಿಸಿ ನೋಡಬೇಕು. ಅಲ್ಲೇ ಗೋಡೆಗೆ ಒರಗಿಸಿಟ್ಟ ಸೈಕಲ್ಲೊಂದು ಕಂಡರೂ ಕಂಡೀತು. ಚೈನಿಗೆ ತುಕ್ಕು, ಸೀಟಿಗೆ ಧೂಳು. ಹಿಂದಿನ ಚಕ್ರದ ಗಾಳಿ ಇಳಿದು ಎಷ್ಟು ದಿನವಾಯಿತೋ ಮಾಲಕನಿಗೂ ನೆನಪಿರಲಿಕ್ಕಿಲ್ಲ. ಶಿಗ್ಗಾಂವಿ ತಾಲೂಕಿನ ಹಳ್ಳಿಗಳಲ್ಲಿ ಸೈಕಲ್ಲಿನ ಇವತ್ತಿನ ಸ್ಥಿತಿ ಇದು.

ತಮಾಷೆ ಏನೆಂದರೆ, ಊರವರು ಬಿಟ್ಟ ಸೈಕಲ್ಲನ್ನು ಪೇಟೆಯವರು ಹಿಡಿದಿದ್ದಾರೆ. ಹುಬ್ಬಳ್ಳಿ-ಧಾರವಾಡದ ಸವಾರರು ರವಿವಾರ ನಸುಕಿಗೇ ಎದ್ದು, ತಲೆಗೆ ಟೋಪಿಯಂಥದ್ದು ಬಿಗಿದು, ಹಳ್ಳಿ ರಸ್ತೆ ಹುಡುಕಿಕೊಂಡು ಹೊರಡುವುದು ಈಗ ಹೊಸ ಮಾತಲ್ಲ. ಅಂಥವರೊಬ್ಬರು ಚಹಾದಂಗಡಿ ಮುಂದೆ ಇಳಿದರೆಂದರೆ ಮೊದಲು ಬರುವ ಪ್ರಶ್ನೆ ಒಂದೇ: "ಎಷ್ಟ ಬಿತ್ರೀ ಇದಕ್ಕ?" ರೇಟು ಕೇಳಿದ ಮೇಲೆ ಎರಡನೆಯ ಮಾತು: "ಅಷ್ಟ ರೊಕ್ಕದಾಗ ಮೋಟಾರಸೈಕಲ್ಲ ಬರ್ತಿತ್ತಲ್ರೀ!"

ಬರುತ್ತಿತ್ತು, ಸುಳ್ಳಲ್ಲ. ಆದರೆ ಅವರು ಬಂದದ್ದು ಬೇಗ ಮುಟ್ಟುವುದಕ್ಕಲ್ಲ. ಹಾರ್ನ್ ಕೇಳದ ಎರಡು ತಾಸು ಬೇಕು ಅವರಿಗೆ. ಅದು ಹುಬ್ಬಳ್ಳಿಯಲ್ಲಿ ಯಾವ ಅಂಗಡಿಯಲ್ಲೂ ಸಿಗುವುದಿಲ್ಲ.

ಇಲ್ಲಿ ಸಿಗುತ್ತದೆ. ಪುಣೆ-ಬೆಂಗಳೂರು ಹೆದ್ದಾರಿ ಈ ತಾಲೂಕನ್ನೇ ಸೀಳಿಕೊಂಡು ಹೋಗಿದೆ. ಅದರ ಮೇಲೆ ಸೈಕಲ್ ಹೊಡೆಯುವುದು ಜೀವದ ಆಶೆ ಬಿಟ್ಟವರ ಕೆಲಸ. ಆದರೆ ಹೆದ್ದಾರಿ ಬಿಟ್ಟು ಒಳಗೆ ಹೊರಳಿದರೆ ಸಾಕು, ಲಾರಿಯ ಸದ್ದು ಬೆನ್ನ ಹಿಂದೆ ಉಳಿಯುತ್ತದೆ. ಆಮೇಲೆ ಕೇಳುವುದು ಚೈನಿನ ಸದ್ದು, ಗೋವಿನಜೋಳದ ಹೊಲದಲ್ಲಿ ಗಾಳಿಯ ಸದ್ದು, ಎಲ್ಲೋ ಒಂದು ನಾಯಿ. ದೊಡ್ಡ ಏರಿಲ್ಲ, ದೊಡ್ಡ ಇಳಿಜಾರಿಲ್ಲ. ಪೂರ್ವಕ್ಕೆ ಹೋದರೆ ಎರೆಭೂಮಿ, ಹತ್ತಿ, ಜೋಳ. ಪಶ್ಚಿಮಕ್ಕೆ ಹಾನಗಲ್ಲ ಕಡೆ ಹೊರಳಿದರೆ ಕೆಂಪು ಮಣ್ಣು, ಕೆರೆ, ಭತ್ತದ ಗದ್ದೆ. ಹಳಬರು ಇದಕ್ಕೆ ಅರೆಮಲೆನಾಡು ಅಂದದ್ದು ಸುಮ್ಮನೆ ಅಲ್ಲ.

ಶರೀಫರ ಹಾದಿ

ಹುಲಗೂರಿನ ಖಾದ್ರಿಯವರ ದರ್ಗಾ ಗೊತ್ತಿಲ್ಲದವರು ಈ ಭಾಗದಲ್ಲಿ ಇಲ್ಲ. ಶಿಶುನಾಳದ ಇಮಾಮಸಾಹೇಬರು ಆ ಖಾದ್ರಿಯವರ ಶಿಷ್ಯರು. ಅವರ ಮಗನೇ ಸಂತ ಶರೀಫ. ಶರೀಫರು ಮುಂದೆ ಗುರುವೆಂದು ಹಿಡಿದದ್ದು ಕಳಸದ ಗೋವಿಂದಭಟ್ಟರನ್ನು. ಶಿಶುನಾಳ, ಹುಲಗೂರು, ಗುಡಗೇರಿ, ಕಳಸ - ಇವೆಲ್ಲ ಒಂದು ದಿನದ ಸೈಕಲ್ ಸುತ್ತಾಟಕ್ಕೆ ಹೇಳಿ ಮಾಡಿಸಿದ ಊರುಗಳು. ಶರೀಫರು ಈ ಸೀಮೆಯ ಮಣ್ಣು ಹಾದಿ ತುಳಿದದ್ದು ಕಾಲ್ನಡಿಗೆಯಲ್ಲಿ.

ಇಲ್ಲೊಂದು ಮೋಜಿನ ಲೆಕ್ಕವಿದೆ. ಜರ್ಮನಿಯಲ್ಲಿ ಡ್ರೈಸ್ ಎಂಬಾತ ಪೆಡಲ್ ಇಲ್ಲದ, ಕಾಲಿನಿಂದ ನೆಲ ಒದ್ದು ಓಡಿಸುವ ಎರಡು ಗಾಲಿಯ ಮರದ ಬಂಡಿ ತೋರಿಸಿದ್ದು 1817ರಲ್ಲಿ. ಶರೀಫರು ಹುಟ್ಟಿದ್ದು 1819. ಡನ್‌ಲಪ್ ಎಂಬ ದನದ ಡಾಕ್ಟರು ಮಗನ ಮೂರುಗಾಲಿ ಸೈಕಲ್ಲಿಗೆ ಗಾಳಿ ತುಂಬಿದ ಟೈರು ಹಾಕಿ ಪೇಟೆಂಟು ಪಡೆದದ್ದು 1888. ಶರೀಫರು ತೀರಿಕೊಂಡದ್ದು 1889. ಸೈಕಲ್ಲು ಬೆಳೆದು ಕೈಗೆ ಬಂದದ್ದು ಸಂತರ ಆಯುಷ್ಯದಷ್ಟೇ ಕಾಲದಲ್ಲಿ. ಕಂಡದ್ದನ್ನೆಲ್ಲ ಪದ ಕಟ್ಟುತ್ತಿದ್ದ ಆ ಪುಣ್ಯಾತ್ಮರ ಕಣ್ಣಿಗೆ ಒಂದು ಸೈಕಲ್ಲು ಬಿದ್ದಿದ್ದರೆ ಏನೇನು ಹಾಡುತ್ತಿದ್ದರೋ.

ಇನ್ನೂ ದೂರ ಹೋಗುವ ತಾಕತ್ತಿದ್ದವರಿಗೆ ಸವಣೂರಿದೆ. ಅಲ್ಲಿಯ ದೊಡ್ಡಹುಣಸೆ ಮಠದ ಆನೆ ಗಾತ್ರದ ಮರಗಳನ್ನು ನೋಡಿ ಬರಬಹುದು. ಮೂರರಲ್ಲಿ ಒಂದು 2023ರ ಮಳೆಗಾಲದಲ್ಲಿ ಉರುಳಿತ್ತು. ಅದನ್ನು ಎತ್ತಿ ಮತ್ತೆ ನಿಲ್ಲಿಸಿದರು. ಬಂಕಾಪುರದ ಕೋಟೆಯೊಳಗೆ ನವಿಲು, ನಗರೇಶ್ವರನ ಕಂಬದ ಗುಡಿ. ಹೆದ್ದಾರಿ ಪಕ್ಕಕ್ಕೆ ಕನಕದಾಸರ ಬಾಡ.

ನದಿ ಕಣಿವೆ ನೋಡಬೇಕೆನ್ನುವವರು ಹಿರೇಕೆರೂರ ದಿಕ್ಕು ಹಿಡಿಯಬೇಕು. ಮಾಸೂರಿನ ಹತ್ತಿರ ಗುಡ್ಡಗಳ ನಡುವೆ ಕುಮುದ್ವತಿಯನ್ನು ತಡೆದು ವಿಜಯನಗರದ ಕಾಲದಲ್ಲೇ ಕಟ್ಟಿದ ಮದಗದ ಕೆರೆ ಇದೆ. ಮಳೆಗಾಲದಲ್ಲಿ ನೀರು ಬಂಡೆಯ ಮೇಲೆ ಧುಮುಕುವುದನ್ನು ನೋಡಲು ಜನ ಕಾರು ಮಾಡಿಕೊಂಡು ಬರುತ್ತಾರೆ. ಅದಕ್ಕೂ ಆಳದ್ದು ಬೇಕೇ? ಮುಂಡಗೋಡ ದಾಟಿ ಯಲ್ಲಾಪುರದ ಮಾಗೋಡಿಗೆ ಹೋಗಬೇಕು. ಧಾರವಾಡದ ಬದಿ ಸಣ್ಣ ಹಳ್ಳವಾಗಿ ಹುಟ್ಟಿದ ಶಾಲ್ಮಲೆಯೇ ಅಲ್ಲಿ ಬೇಡ್ತಿಯಾಗಿ ಸುಮಾರು 200 ಮೀಟರು ಆಳಕ್ಕೆ ಜಿಗಿದು ಪಶ್ಚಿಮ ಸಮುದ್ರದ ದಾರಿ ಹಿಡಿಯುತ್ತಾಳೆ. ನಮ್ಮ ವರದೆಯೋ ಗಳಗನಾಥದಲ್ಲಿ ತುಂಗಭದ್ರೆ ಸೇರಿ ಪೂರ್ವಕ್ಕೆ ನಡೆಯುತ್ತಾಳೆ. ಕಾರಿನಲ್ಲಿ ಕೂತವರಿಗೆ ಈ ಭೇದ ತಿಳಿಯುವುದಿಲ್ಲ. ಪೆಡಲ್ ತುಳಿಯುವವನಿಗೆ ನೆಲ ಯಾವ ಕಡೆ ವಾಲಿದೆ ಎಂಬುದನ್ನು ಮೊಣಕಾಲೇ ಹೇಳುತ್ತದೆ.

ಇಷ್ಟು ದೂರ ಸೈಕಲ್ ಮೇಲೆ ಹೋಗುವುದುಂಟೇ ಎಂದು ನಗಬಾರದು. ಫ್ರಾನ್ಸಿನ ಲೆಕ್ಕದಲ್ಲಿ ನಡೆಯುವ ದೂರಸವಾರಿಗಳಲ್ಲಿ 200 ಕಿಲೋಮೀಟರಿಗೆ ಕೊಡುವ ಸಮಯ ಹದಿಮೂರೂವರೆ ತಾಸು. ನಮ್ಮ ದೇಶದಲ್ಲೂ ಈ ಸವಾರಿಗಳು ನಡೆಯುತ್ತವೆ, ಮಾಡಿ ಮುಗಿಸುವವರಲ್ಲಿ ಹೆಣ್ಣುಮಕ್ಕಳೂ ಇದ್ದಾರೆ. ಸೈಕಲ್ ರೇಸಿನಲ್ಲಂತೂ ವಿಜಯಪುರ, ಬಾಗಲಕೋಟೆಯ ಮಕ್ಕಳು ಇಡೀ ದೇಶಕ್ಕೆ ಹೆಸರುವಾಸಿ. ಅವರೂ ತಯಾರಾದದ್ದು ಇಂಥವೇ ಖಾಲಿ ರಸ್ತೆಗಳ ಮೇಲೆ.

ಗಾಳಿ, ಮುಳ್ಳು, ಒಕ್ಕಣೆ

ಎಲ್ಲವೂ ಸುಖವೇ ಎಂದರೆ ತಪ್ಪಾದೀತು. ಮಳೆಗಾಲದಲ್ಲಿ ಗಾಳಿ ಪಶ್ಚಿಮದಿಂದ ಬೀಸುತ್ತದೆ. ಪೂರ್ವಕ್ಕೆ ಹೋಗುವಾಗ ಯಾರೋ ಬೆನ್ನಿಗೆ ಕೈಕೊಟ್ಟು ದೂಡಿದ ಹಾಗೆ. ತಿರುಗಿ ಬರುವಾಗ ಅದೇ ಕೈ ಎದೆಯ ಮೇಲೆ. ಬಲ್ಲವರು ಮೊದಲು ಗಾಳಿಗೆ ಎದುರಾಗಿ ಹೋಗಿ, ದಣಿದ ಮೇಲೆ ಗಾಳಿಯ ಜೊತೆ ಮರಳುತ್ತಾರೆ. ಎರೆಮಣ್ಣಿನ ಹೊಲದ ಹಾದಿಗೆ ಮಳೆಯಾದ ದಿನ ಇಳಿದರೆ ಮಡಗಾರ್ಡು ಮತ್ತು ಟೈರಿನ ನಡುವೆ ಕೆಸರು ಕಟ್ಟಿ ಗಾಲಿ ತಿರುಗುವುದೇ ಇಲ್ಲ. ಆಮೇಲೆ ಸೈಕಲ್ಲೇ ನಿಮ್ಮ ಹೆಗಲ ಮೇಲೆ ಸವಾರಿ ಮಾಡುತ್ತದೆ! ಬೇಸಿಗೆಯಲ್ಲಿ ಜಾಲಿ ಮುಳ್ಳು.

ಸುಗ್ಗಿಯಲ್ಲಿ ಮತ್ತೊಂದು ಪೇಚು. ಕಣಗಳು ಮಾಯವಾಗಿ ಡಾಂಬರು ರಸ್ತೆಯೇ ಕಣವಾಗಿದೆ. ಕಾಳು ರಸ್ತೆಗೆ ಹರವಿ, ಸುತ್ತ ಕಲ್ಲಿಟ್ಟು ಹೋಗಿರುತ್ತಾರೆ. ರೈತನಿಗೂ ಬೇರೆ ಜಾಗವಿಲ್ಲ, ಒಪ್ಪೋಣ. ಆದರೆ ಕತ್ತಲಾದ ಮೇಲೆ ಆ ಕಲ್ಲು ಸವಾರನಿಗೆ ಕಾಣುವುದಿಲ್ಲ. ಹಿಂದಿನ ದೀಪವಿಲ್ಲದ ಟ್ರ್ಯಾಕ್ಟರ್ ಟ್ರೇಲರು ಇದಕ್ಕಿಂತ ಕೆಟ್ಟದ್ದು. ಕೆಂಪು ಹೊಳೆಯುವ ಪಟ್ಟಿಯ ತುಂಡು ಅಂಟಿಸಲು ಏನು ದಾಡಿ ಎಂದು ಕೇಳಿದರೆ "ನಾಳೆ ಹಚ್ಚತೀನ್ರೀ" ಎನ್ನುವ ಉತ್ತರ ತಯಾರಿರುತ್ತದೆ.

ಪೇಟೆಯ ಸವಾರರಿಗೆ ಇದು ರವಿವಾರದ ಮಾತು. ಶಾಲೆಯ ಮಕ್ಕಳಿಗೆ ದಿನಾ ಇರುವ ಮಾತು. 2006-07ರಲ್ಲಿ ಸರ್ಕಾರ ಎಂಟನೆಯ ಇಯತ್ತೆಯ ಹುಡುಗಿಯರಿಗೆ ಪುಕ್ಕಟೆ ಸೈಕಲ್ ಕೊಡಲು ಶುರು ಮಾಡಿತು. ಹುಡುಗರಿಗೂ ಅದು ಮುಂದೆ ಸಿಕ್ಕಿತು. ಹೈಸ್ಕೂಲಿಲ್ಲದ ಹಳ್ಳಿಯಿಂದ ಹುಡುಗಿಯರು ಸಾಲಾಗಿ ಸೈಕಲ್ ತುಳಿದು ಬರುವ ನೋಟ ಆಗ ಎಲ್ಲ ಕಡೆ ಇತ್ತು. ಕೋವಿಡ್ ಬಂದ 2020ರಿಂದ ಹಂಚಿಕೆ ನಿಂತಿತು. 2023ರ ಜೂನ್ 11ರಿಂದ ಹೆಣ್ಣುಮಕ್ಕಳಿಗೆ ಸರ್ಕಾರಿ ಬಸ್ಸು ಪುಕ್ಕಟೆಯಾಯಿತು. ಒಳ್ಳೆಯದೇ ಆಯಿತು. ಆದರೆ ಬಸ್ಸು ಬರುವುದು ಅದರ ಟೈಮಿಗೆ, ಶಾಲೆಯ ಗಂಟೆ ಹೊಡೆಯುವುದು ತನ್ನ ಟೈಮಿಗೆ. ತುಂಬಿದ ಬಸ್ಸು ನಿಲ್ಲದೆ ಹೋದ ದಿನ ನಾಲ್ಕೈದು ಕಿಲೋಮೀಟರು ನಡೆದರೆ ಒಂದು ತಾಸು. ಸೈಕಲ್ಲಿದ್ದರೆ ಇಪ್ಪತ್ತು ಮಿನಿಟು.

ಇನ್ನು ರಿಪೇರಿ ಅಂಗಡಿ. ಒಂದು ಕಾಲಕ್ಕೆ ಬಸ್ ಸ್ಟ್ಯಾಂಡಿನ ಪಕ್ಕ ತಾಸಿಗಿಷ್ಟು ಎಂದು ಬಾಡಿಗೆ ಸೈಕಲ್ ಕೊಡುತ್ತಿದ್ದವರು, ನೀರಿನ ಬೋಗುಣಿಯಲ್ಲಿ ಟ್ಯೂಬು ಮುಳುಗಿಸಿ ಗುಳ್ಳೆ ನೋಡುತ್ತಿದ್ದವರು, ಈಗ ಮೋಟಾರಸೈಕಲ್ಲಿಗೆ ಗಾಳಿ ಹೊಡೆದು ಹೊಟ್ಟೆ ಹೊರೆಯುತ್ತಾರೆ. ವಾಲ್‌ಟ್ಯೂಬು, ಸೈಕಲ್ಲಿನ ಕಡ್ಡಿ ಬೇಕೆಂದರೆ ತಾಲೂಕಿನ ಪೇಟೆಗೇ ಹೋಗಬೇಕು.

ಹೀಗಾಗಿ ಹೊರಡುವವರು ಒಂದು ಕೈಪಂಪು, ಸಲ್ಯೂಷನ್ನಿನ ಟ್ಯೂಬು, ಉಪ್ಪುಕಾಗದದ ತುಂಡು, ಹಳೆಯ ಟ್ಯೂಬಿನ ಎರಡು ಪಟ್ಟಿ ಕ್ಯಾರಿಯರಿಗೆ ಕಟ್ಟಿಕೊಳ್ಳಬೇಕು. ನೀರಿನ ಬಾಟಲಿ ಬೇರೆ. ಬಿಸಿಲೇರುವ ಮೊದಲೇ ಊರು ಬಿಟ್ಟರೆ ಒಳ್ಳೇದು. ಪಂಕ್ಚರಾಯಿತೋ, ಮೊದಲು ಟೈರಿನ ಒಳಮೈಯಲ್ಲಿ ಬೆರಳಾಡಿಸಿ ಮುಳ್ಳು ತೆಗೆಯಿರಿ. ಮುಳ್ಳು ಒಳಗೇ ಉಳಿದರೆ ಹಚ್ಚಿದ ಪ್ಯಾಚಿನ ಪಕ್ಕದಲ್ಲೇ ಮತ್ತೊಂದು ತೂತು ಬೀಳುತ್ತದೆ.