ಭದ್ರಾವತಿಯ ಹುಡುಗಿಗೆ ಪೋಲೆಂಡಿನ ಕಿರೀಟ

ಭದ್ರಾವತಿ ಎಂದೊಡನೆ ನೆನಪಾಗುವುದು ಕಬ್ಬಿಣ ಮತ್ತು ಉಕ್ಕಿನ ಕಾರ್ಖಾನೆ. ಆದರೆ 2014ರ ಡಿಸೆಂಬರಿನಲ್ಲಿ ಆ ಊರಿನ ಹೆಸರು ಪತ್ರಿಕೆಗಳಲ್ಲಿ ಮೆರೆದದ್ದು ಬೇರೊಂದು ಕಾರಣಕ್ಕೆ. ದೂರದ ಪೋಲೆಂಡಿನಲ್ಲಿ ನಡೆದ ‘ಮಿಸ್ ಸುಪ್ರಾನ್ಯಾಷನಲ್’ ಸೌಂದರ್ಯ ಸ್ಪರ್ಧೆಯಲ್ಲಿ ಭದ್ರಾವತಿಯ ಆಶಾ ಭಟ್ ಕಿರೀಟ ಧರಿಸಿದರು. 2009ರಲ್ಲಿ ಆರಂಭವಾದ ಈ ಸ್ಪರ್ಧೆಯನ್ನು ಗೆದ್ದ ಮೊದಲ ಭಾರತೀಯ ಯುವತಿ ಇವರೇ. ಎರಡು ವರ್ಷಗಳ ನಂತರ, 2016ರಲ್ಲಿ, ಇದೇ ಕಿರೀಟ ಮಂಗಳೂರಿನ ಶ್ರೀನಿಧಿ ಶೆಟ್ಟಿ ಅವರ ಪಾಲಾಯಿತು.

ಈ ಇಬ್ಬರೂ ಎಂಜಿನಿಯರಿಂಗ್ ವಿದ್ಯಾರ್ಥಿನಿಯರಾಗಿದ್ದವರು ಎಂಬುದು ಕುತೂಹಲದ ಸಂಗತಿ. ಶ್ರೀನಿಧಿ ಪದವಿ ಪಡೆದು ಬೆಂಗಳೂರಿನ ಕಂಪನಿಯೊಂದರಲ್ಲಿ ನೌಕರಿಯನ್ನೂ ಮಾಡಿದರು. 1992ರ ಸೆಪ್ಟೆಂಬರಿನಲ್ಲಿ ಜನಿಸಿದ ಆಶಾ ಮೂಡಬಿದಿರೆಯ ಆಳ್ವಾಸ್‌ನಲ್ಲಿ ಪಿಯುಸಿ ಓದಿ, ಬೆಂಗಳೂರಿನ ಆರ್.ವಿ. ಎಂಜಿನಿಯರಿಂಗ್ ಕಾಲೇಜು ಸೇರಿದರು. ಎನ್.ಸಿ.ಸಿ. ಕೆಡೆಟ್ ಆಗಿ ದೆಹಲಿಯ ಗಣರಾಜ್ಯೋತ್ಸವ ಶಿಬಿರಕ್ಕೂ ಹೋಗಿ ಬಂದರು. 2014ರ ‘ಮಿಸ್ ದೀವಾ’ ಸ್ಪರ್ಧೆ ಅವರಿಗೆ ಪೋಲೆಂಡಿನ ದಾರಿ ತೆರೆಯಿತು.

ಗುಬ್ಬಿಯಿಂದ, ಕುಣಿಗಲ್ಲಿನಿಂದ ಬೆಳಗಿನ ಬಸ್ಸು ಹಿಡಿದು ತುಮಕೂರಿನ ಕಾಲೇಜುಗಳಿಗೆ ಬರುವ ವಿದ್ಯಾರ್ಥಿನಿಯರು ಕಿರೀಟಕ್ಕಿಂತ ಈ ದಾರಿಯನ್ನು ಗಮನಿಸಬೇಕು. ಬೆನ್ನು ನೆಟ್ಟಗೆ ಇಟ್ಟು ನಡೆಯುವುದು, ನೂರಾರು ಕಣ್ಣುಗಳ ಮುಂದೆ ಅಳುಕದೆ ನಿಲ್ಲುವುದು, ಅಪರಿಚಿತರ ಪ್ರಶ್ನೆಗೆ ತಡವರಿಸದೆ ಉತ್ತರಿಸುವುದು ಇವೆಲ್ಲ ವೇದಿಕೆಯ ಮೇಲೆ ಬೇಕಾದ ಗುಣಗಳು. ಇವನ್ನು ಕಲಿಸುವ ಎನ್.ಸಿ.ಸಿ., ಚರ್ಚಾಸ್ಪರ್ಧೆ, ನಾಟಕ ಕಾಲೇಜಿನಲ್ಲೇ ಸಿಗುತ್ತವೆ, ಖರ್ಚೂ ಕಡಿಮೆ.

ಹೆತ್ತವರ ಅಳುಕನ್ನು ತಳ್ಳಿಹಾಕುವಂತಿಲ್ಲ. 1996ರ ನವೆಂಬರಿನಲ್ಲಿ ಬೆಂಗಳೂರಿನಲ್ಲಿ ವಿಶ್ವಸುಂದರಿ ಸ್ಪರ್ಧೆ ನಡೆದಾಗ ರೈತ ಸಂಘಟನೆಗಳೂ ಮಹಿಳಾ ಸಂಘಟನೆಗಳೂ ಬೀದಿಗಿಳಿದಿದ್ದವು. ಹೆಣ್ಣನ್ನು ಸರಕಿನಂತೆ ಅಳೆದು ತೂಗುವುದು ಸರಿಯೇ ಎಂದು ಆಗ ಎದ್ದ ಪ್ರಶ್ನೆ ಇಂದಿಗೂ ಉಳಿದಿದೆ. ಅದಕ್ಕೂ ಬಹಳ ಹಿಂದೆ ನಾಟಕಕ್ಕೂ ಇಂಥದೇ ಆಕ್ಷೇಪಣೆ ಇತ್ತು. ‘ಮರ್ಯಾದಸ್ಥರ ಮನೆಯ ಹೆಣ್ಣು ರಂಗ ಏರುವುದೇ?’ ಎನ್ನುತ್ತಿದ್ದ ಕಾಲದಲ್ಲಿ ಗುಬ್ಬಿ ವೀರಣ್ಣನವರ ಕಂಪನಿಯಲ್ಲಿ ಬಿ. ಜಯಮ್ಮ ನಟಿಸಿದರು. ಇಂದು ಅವರ ಹೆಸರನ್ನು ನಾಡು ಗೌರವದಿಂದ ಹೇಳುತ್ತದೆ.

ಹಾಗೆಂದು ಕಿರೀಟ ಬಂದೊಡನೆ ಬದುಕು ನೆಲೆ ಕಂಡಿತು ಎಂದೇನೂ ಅಲ್ಲ. ಕಿರೀಟದ ಅವಧಿ ಸಾಮಾನ್ಯವಾಗಿ ಒಂದೇ ವರ್ಷ. ಆಶಾ ಅವರ ಹಿಂದಿ ಚಿತ್ರ ‘ಜಂಗ್ಲಿ’ ತೆರೆಕಂಡದ್ದು 2019ರಲ್ಲಿ. ಕನ್ನಡದ ‘ರಾಬರ್ಟ್’ 2021ರಲ್ಲಿ. ಅಂದರೆ ಜಗತ್ತೇ ಮೆಚ್ಚಿದ ಮೇಲೂ ಬೆಳ್ಳಿತೆರೆಗೆ ನಾಲ್ಕು ವರ್ಷಕ್ಕೂ ಮಿಕ್ಕಿ ಕಾಯಬೇಕಾಯಿತು. ಶ್ರೀನಿಧಿ ಅವರ ‘ಕೆ.ಜಿ.ಎಫ್.’ ಬಂದದ್ದೂ ಗೆಲುವಿನ ಎರಡು ವರ್ಷಗಳ ನಂತರ, 2018ರಲ್ಲಿ. ಮಾಡೆಲಿಂಗ್‌ನಲ್ಲಿ ತಿಂಗಳ ಸಂಬಳವಿಲ್ಲ. ಕೆಲಸ ಸಿಕ್ಕ ದಿನಕ್ಕೆ ಕೂಲಿ. ಗೆದ್ದವರದೇ ಈ ಕಥೆಯಾದರೆ, ಮೊದಲ ಸುತ್ತಿನಲ್ಲೇ ಹಿಂದಿರುಗಿದವರ ಕೈ ಹಿಡಿಯುವುದು ಯಾವುದು? ಪದವಿಯೇ ಅಲ್ಲವೆ?

ಆದ್ದರಿಂದ ಮಗಳು ಆಸೆ ಹೇಳಿಕೊಂಡಾಗ ಗದರುವುದೂ ಬೇಡ, ಸಾಲ ಮಾಡಿ ಫೋಟೊ ತೆಗೆಸುವುದೂ ಬೇಡ. ಮೊದಲು ಸ್ಪರ್ಧೆ ನಡೆಸುವವರು ಯಾರು, ಹಿಂದಿನ ವರ್ಷಗಳಲ್ಲಿ ಗೆದ್ದವರು ಈಗ ಏನು ಮಾಡುತ್ತಿದ್ದಾರೆ ಎಂದು ವಿಚಾರಿಸಿ. ‘ಇಷ್ಟು ಸಾವಿರ ಕಟ್ಟಿ, ಅವಕಾಶ ಖಚಿತ’ ಎನ್ನುವವರನ್ನು ಬಾಗಿಲಲ್ಲೇ ಕಳುಹಿಸಿ. ಕರಾರುಪತ್ರವನ್ನು ಓದದೆ, ತಿಳಿದವರಿಗೆ ತೋರಿಸದೆ ಸಹಿ ಹಾಕಬೇಡಿ. ಆಯ್ಕೆಗೆ ಹೋಗುವಾಗ ಮನೆಯವರೊಬ್ಬರು ಜೊತೆಗಿರಲಿ. ದಿನಾಂಕ ಪರೀಕ್ಷೆಗೆ ಅಡ್ಡ ಬಂದರೆ ಪರೀಕ್ಷೆಯನ್ನೇ ಬರೆಯಲಿ. ಸ್ಪರ್ಧೆ ಬರುವ ವರ್ಷವೂ ಇರುತ್ತದೆ.