ಗಡಿನಾಡಿನ ಗಲ್ಲಾಪೆಟ್ಟಿಗೆ

ಕೊಳ್ಳೇಗಾಲಕ್ಕೆ ಇವತ್ತಿಗೂ ರೈಲು ಬಂದಿಲ್ಲ. ಹನೂರು, ಯಳಂದೂರಿಗೂ ಇಲ್ಲ. ಈ ಭಾಗದ ಹಳೆಯ ಹೋಟೆಲುಗಳ ಕಥೆಯನ್ನು ಇಲ್ಲಿಂದಲೇ ಶುರು ಮಾಡಬೇಕು. ರೈಲು ಕಂಡ ಊರುಗಳಲ್ಲಿ ಸ್ಟೇಷನ್ ರಸ್ತೆಯೇ ಹೋಟೆಲುಗಳ ತವರು. ಇಲ್ಲಿ ಅಂಥ ತವರು ಇರಲಿಲ್ಲ. ಕೋರ್ಟು ಕಚೇರಿಗೆ ಬಂದವನು, ರೇಷ್ಮೆಗೂಡು ಮಾರಲು ಬಂದವನು, ಮಾದೇಶ್ವರನ ಬೆಟ್ಟದ ಮಾದಪ್ಪನ ಪರುಸೆಗೆ ಹೊರಟವನು, ಈ ಮೂವರ ಹಸಿವನ್ನೇ ನಂಬಿ ಬಸ್ ಸ್ಟ್ಯಾಂಡಿನ ಸುತ್ತ, ಸಂತೆಯ ಬೀದಿಯಲ್ಲಿ, ಕಾಡಿನ ದಾರಿಯ ಕವಲಿನಲ್ಲಿ ಒಲೆ ಹತ್ತಿದವು.

ಅದಕ್ಕೂ ಮೊದಲು ಈ ದಾರಿಗಳಲ್ಲಿ ಓಡಾಟವೇನೂ ಕಡಿಮೆಯಿರಲಿಲ್ಲ. 1800ರಲ್ಲಿ ಕಂಪನಿ ಸರ್ಕಾರದ ಪರವಾಗಿ ಸೀಮೆ ನೋಡಲು ಹೊರಟ ಫ್ರಾನ್ಸಿಸ್ ಬುಕನನ್ ಸತ್ತೇಗಾಲ, ಸಿಂಗಾನಲ್ಲೂರು, ಹನೂರು, ಕೌದಳ್ಳಿಯ ಮೇಲೆ ಹಾದು ಕಾವೇರಿಪುರದ ಕಣಿವೆ ಇಳಿದ. ಮುಂದೊಂದು ದಿನ ರಾಜ್‌ಕುಮಾರ್ ಅವರ ತಂದೆ ಪುಟ್ಟಸ್ವಾಮಯ್ಯನವರಿಂದ ಹೆಸರಾದದ್ದು ಇದೇ ಸಿಂಗಾನಲ್ಲೂರು. ಸಾಹೇಬನ ಜೊತೆ ಡೇರೆ, ಆಳುಕಾಳು ಇದ್ದರು. ಸಾಮಾನ್ಯರಿಗೆ ಬುತ್ತಿಯೇ ಗತಿ. ಛತ್ರದಲ್ಲೋ ಗುಡಿಯ ಜಗಲಿಯಲ್ಲೋ ಮೂರು ಕಲ್ಲು ಹೂಡಿ ಬೇಯಿಸಿಕೊಂಡರಾಯಿತು. ಅನ್ನವನ್ನು ದುಡ್ಡಿಗೆ ಮಾರುವುದು ಪಾಪವೆಂದು ನಂಬಿದ್ದ ಕಾಲ ಅದು. ಊರಿಗೆ ಬಂದ ಪರಸ್ಥಳದವರಿಗೆ ನೀರು ಮಜ್ಜಿಗೆ ಕೊಡುವುದು ಅರವಟ್ಟಿಗೆಯ ಪುಣ್ಯಕ್ಕೆ ಸೇರಿತ್ತು. ಹೋಟೆಲ್ ಇಟ್ಟ ಮೊದಲ ತಲೆಮಾರಿನವರು ಬಂಡವಾಳಕ್ಕಿಂತ ಮೊದಲು ಈ ನಂಬಿಕೆಯನ್ನು ಮೀರಬೇಕಿತ್ತು.

ಇನ್ನೊಂದು ಸಂಗತಿ ಗಡಿ. 1799ರಲ್ಲಿ ಟಿಪ್ಪು ಬಿದ್ದ ಮೇಲೆ ಕೊಳ್ಳೇಗಾಲದ ಸೀಮೆ ಕಂಪನಿಯ ಪಾಲಾಗಿ ಮದ್ರಾಸಿನ ಕೊಯಮತ್ತೂರು ಜಿಲ್ಲೆಗೆ ಸೇರಿತು. ಪಕ್ಕದ ಯಳಂದೂರು ಮೈಸೂರಿನಲ್ಲೇ ಉಳಿದು, 1807ರಲ್ಲಿ ದಿವಾನ್ ಪೂರ್ಣಯ್ಯನವರಿಗೆ ಜಹಗೀರಾಗಿ ಸಂದಿತು. ಹದಿನೈದು ಕಿಲೋಮೀಟರ್ ಆಸುಪಾಸಿನ ಅಂತರ. ಆದರೆ ಅಲ್ಲಿ ಅಮಲ್ದಾರರು, ಇಲ್ಲಿ ತಹಶೀಲ್ದಾರರು. ಅಲ್ಲಿ ಮಹಾರಾಜರ ಕಾನೂನು, ಇಲ್ಲಿ ಮದ್ರಾಸ್ ಸರ್ಕಾರದ್ದು. ಮಾತು ಎರಡು ಕಡೆಯೂ ಕನ್ನಡವೇ, ಊಟ ಎರಡು ಕಡೆಯೂ ಹಿಟ್ಟು ಉದಕವೇ. ಶಿವನಸಮುದ್ರದಲ್ಲಿ ಜಹಗೀರುದಾರ ರಾಮಸ್ವಾಮಿ ಮೊದಲಿಯಾರ್ 19ನೇ ಶತಮಾನದ ಮೊದಲ ಭಾಗದಲ್ಲಿ ಕಾವೇರಿಗೆ ಕಲ್ಲಿನ ಸೇತುವೆಗಳನ್ನು ಕಟ್ಟಿಸಿದ ಮೇಲೆ ಗಾಡಿಗಳು ಹೊಳೆ ದಾಟುವುದು ಸುಲಭವಾಯಿತು. ಸರಕು ಬಂತು, ಸರಕಿನ ಜೊತೆ ಜನ ಬಂದರು.

ಕಾಫಿ ಬಂದದ್ದು ಆಮೇಲೆ. ತಮಾಷೆಯೆಂದರೆ ಗಿಡ ಇಲ್ಲೇ ಇತ್ತು. ಬಿಳಿಗಿರಿರಂಗನ ಬೆಟ್ಟದ ಮೇಲೆ ಸ್ಕಾಟ್ಲೆಂಡಿನ ಮಾರಿಸ್ ಮನೆತನದವರು 19ನೇ ಶತಮಾನದ ಕೊನೆಯ ಹೊತ್ತಿಗೇ ಅತ್ತಿಖಾನ್, ಹೊನ್ನಮೇಟಿಯ ಕಾಫಿ ತೋಟಗಳನ್ನು ಎಬ್ಬಿಸಿದ್ದರು. ಆ ಮನೆಯ ರಾಲ್ಫ್ ಮಾರಿಸ್ ಮುಂದೆ ಕಾಡುಪ್ರಾಣಿಗಳ ಬಗ್ಗೆ ಬರೆದು ಹೆಸರಾದವರು. ಬೀಜ ಬೆಟ್ಟ ಇಳಿದು ಪರದೇಶಕ್ಕೆ ಹೋಗುತ್ತಿದ್ದರೆ ಬೆಟ್ಟದ ಬುಡದ ರೈತ ಬೆಳಿಗ್ಗೆ ಅಂಬಲಿಯನ್ನೇ ಕುಡಿಯುತ್ತಿದ್ದ. ಅವನ ಕೈಗೆ ಕಾಫಿ ಲೋಟ ಕೊಟ್ಟದ್ದು ತೋಟವಲ್ಲ, ಹೋಟೆಲು.

ಆ ಹೋಟೆಲನ್ನು ತಂದವರಲ್ಲಿ ಘಟ್ಟದ ಕೆಳಗಿನವರದು ದೊಡ್ಡ ಪಾಲು. 1923ರ ನೆರೆ ದಕ್ಷಿಣ ಕನ್ನಡದ ಹೊಳೆದಂಡೆಗಳನ್ನು ಕೊಚ್ಚಿಕೊಂಡು ಹೋಗಿತ್ತು. ಗೇಣಿ ಭೂಮಿಯನ್ನು ನಂಬಿ ಬದುಕಲಾಗದ ಎಷ್ಟೋ ಬ್ರಾಹ್ಮಣ ಹುಡುಗರು ಆ ವರ್ಷಗಳಲ್ಲಿ ಸೌಟು ಹಿಡಿದು ಘಟ್ಟ ಹತ್ತಿದರು. ಬೆಂಗಳೂರಿನ ಮಾವಳ್ಳಿ ಟಿಫಿನ್ ರೂಮು 1924ರದು. ಕಡಂದಲೆ ಕೃಷ್ಣರಾಯರು ಮದ್ರಾಸಿನಲ್ಲಿ ವುಡ್‌ಲ್ಯಾಂಡ್ಸ್ ತೆರೆದದ್ದು 1938ರಲ್ಲಿ. ದೊಡ್ಡ ಹೆಸರುಗಳು ದೊಡ್ಡ ಊರಿನಲ್ಲಿ ನಿಂತವು. ಅಷ್ಟು ದೂರ ಹೋಗದವರು, ಹೋಗಿಯೂ ಅಲ್ಲಿ ನೆಲೆ ಸಿಗದವರು ತಾಲ್ಲೂಕು ಊರುಗಳಲ್ಲಿ ಬೋರ್ಡು ಹಾಕಿದರು. ಉಡುಪಿಯೂ ಕೊಳ್ಳೇಗಾಲವೂ 1956ರ ತನಕ ಒಂದೇ ಮದ್ರಾಸ್ ಸರ್ಕಾರದ ಕೆಳಗಿದ್ದವು. ನಡುವೆ ಇಡೀ ಮೈಸೂರು ಸಂಸ್ಥಾನ ಚಾಚಿಕೊಂಡಿದ್ದರೂ ಸರ್ಕಾರದ ಲೆಕ್ಕದಲ್ಲಿ ಇಬ್ಬರೂ ಒಂದೇ ಮನೆಯವರು. ಹೋಟೆಲಿಗೆ ‘ಭವನ’ ‘ವಿಲಾಸ’ ಎನ್ನುವ ಹೆಸರು, ಗೋಡೆಗೆ ಕೃಷ್ಣನ ಪಟ, ಗಲ್ಲಾದ ಮೇಲೆ ಊದುಬತ್ತಿ. ತಮಿಳು ಸೀಮೆಯ ರೂಢಿಯೂ ಒಳಗೆ ನುಗ್ಗಿತು. ಕಾಫಿಯನ್ನು ಲೋಟ ಬಟ್ಟಲಿನಲ್ಲಿ ಎತ್ತಿ ಹೊಯ್ದು ನೊರೆ ಬರಿಸುವ ಕೈಚಳಕ, ಪರೋಟಕ್ಕೆ ಸಾಲ್ನಾ ಇವೆಲ್ಲ ಕೊಳ್ಳೇಗಾಲದ ಕಡೆ ಬೇಗ ಒಗ್ಗಿಕೊಂಡವು.

ಹಳೆಯ ಹೋಟೆಲಿನ ದಿನ ಊರು ಏಳುವ ಮೊದಲೇ ಶುರು. ನಾಲ್ಕು ಗಂಟೆಗೆ ಸೌದೆ ಒಲೆ ಹತ್ತಬೇಕು. ಮೊದಲು ಹಂಡೆಗೆ ನೀರು, ಆಮೇಲೆ ಇಡ್ಲಿ ಅಟ್ಟ. ತಟ್ಟೆಯ ಮೇಲೆ ಒದ್ದೆ ಬಟ್ಟೆ ಹಾಸಿ ಹಿಟ್ಟು ಹೊಯ್ಯುತ್ತಿದ್ದರು; ಬೆಂದ ಮೇಲೆ ಬಟ್ಟೆ ಮಗುಚಿ ನೀರು ಚಿಮುಕಿಸಿದರೆ ಇಡ್ಲಿ ತಾನಾಗಿ ಬಿಡುತ್ತಿತ್ತು. ದೋಸೆಯ ಕಾವಲಿ ಕಾದಿದೆಯೋ ಇಲ್ಲವೋ ಎಂದು ನೋಡಲು ಕಡ್ಡಿಪೊರಕೆಯಲ್ಲಿ ನೀರು ಎರಚುವುದು, ಆ ಸದ್ದಿಗೇ ಬೆಂಚಿನ ಮೇಲೆ ಕೂತವರು ಸರಿಯಾಗಿ ಕೂರುವುದು. ಡಿಕಾಕ್ಷನ್ ಇಳಿಯುತ್ತಿದ್ದುದು ಬಟ್ಟೆಯ ಚೀಲದಲ್ಲಿ. ಮೊದಲ ಸುತ್ತಿನ ಗಟ್ಟಿ ರಸ ಕಚೇರಿಯವರಿಗೆ, ವಕೀಲರಿಗೆ, ಗಲ್ಲಾದ ಪಕ್ಕದ ಕುರ್ಚಿಯಲ್ಲಿ ದಿನಾ ಕೂರುವ ಪೇಪರ್ ಓದುಗರಿಗೆ. ಅದೇ ಪುಡಿಗೆ ಮತ್ತೆ ಕುದಿನೀರು ಹೊಯ್ದು ಬಂದದ್ದು ಸಂತೆಗೆ ಬಂದವರಿಗೆ. ಯಾರಿಗೆ ಯಾವ ಡಿಕಾಕ್ಷನ್ ಎನ್ನುವುದು ಬಾಯಿಬಿಟ್ಟು ಹೇಳುವ ವಿಷಯವಾಗಿರಲಿಲ್ಲ, ಮಾಣಿಗೆ ಗೊತ್ತಿತ್ತು.

ಕೆಲಸದಲ್ಲಿ ಎಲ್ಲಕ್ಕಿಂತ ಕಷ್ಟದ್ದು ರುಬ್ಬುವುದು. ರಾತ್ರಿ ಗಿರಾಕಿ ಎದ್ದು ಹೋದ ಮೇಲೆ ಒರಳಿನ ಮುಂದೆ ಕೂತ ಹುಡುಗ ಏಳುವುದು ಯಾವ ಹೊತ್ತಿಗೋ. ಆ ಹುಡುಗರ ರಟ್ಟೆಗೆ ಬಿಡುಗಡೆ ಕೊಟ್ಟ ವಿದ್ಯುತ್ ಗ್ರೈಂಡರ್ 1950ರ ದಶಕದಲ್ಲಿ ತಯಾರಾದದ್ದು ಕೊಯಮತ್ತೂರಿನಲ್ಲಿ. 1956ರ ನವೆಂಬರ್ 1ಕ್ಕೆ ಕೊಳ್ಳೇಗಾಲ ಕೊಯಮತ್ತೂರು ಜಿಲ್ಲೆಯನ್ನು ಬಿಟ್ಟು ಮೈಸೂರು ರಾಜ್ಯ ಸೇರಿತು. ಆದರೆ ಕೊಯಮತ್ತೂರಿನ ಕಲ್ಲು ಬೆನ್ನಟ್ಟಿಕೊಂಡು ಬಂದು ಹೋಟೆಲಿನ ಅಡುಗೆಮನೆಯಲ್ಲಿ ಕೂತಿತು.

ಏಕೀಕರಣವಾಗಿ ಐದು ತಿಂಗಳಿಗೆ, 1957ರ ಏಪ್ರಿಲ್ 1ರಂದು, ಆಣೆ ಹೋಗಿ ನಯಾಪೈಸೆ ಬಂತು. ಹೊಸ ರಾಜ್ಯ, ಹೊಸ ಜಿಲ್ಲೆ, ಅದರ ಮೇಲೆ ಹೊಸ ಲೆಕ್ಕ. ಸರ್ಕಾರದ ಕೋಷ್ಟಕದ ಪ್ರಕಾರ ಒಂದಾಣೆಗೆ 6 ಪೈಸೆ, ಎರಡಾಣೆಗೆ 12, ಮೂರಾಣೆಗೆ 19, ನಾಲ್ಕಾಣೆಗೆ 25. ಒಂದಾಣೆಯ ತಿಂಡಿ ಮೂರು ಸಲ ತಿಂದರೆ 18 ಪೈಸೆ, ಮೂರಾಣೆ ಒಟ್ಟಿಗೆ ಕೊಟ್ಟರೆ 19. ಈ ಒಂದು ಪೈಸೆ ಗಿರಾಕಿಯದೋ ಮಾಲೀಕನದೋ ಎಂಬ ಜಗಳಕ್ಕೆ ದೇಶದ ಯಾವ ಗಲ್ಲಾಪೆಟ್ಟಿಗೆಯೂ ಹೊರತಾಗಿರಲಾರದು.

ಕೊಳ್ಳೇಗಾಲದ ಹೋಟೆಲುಗಳಿಗೆ ಬಲ ಬಂದದ್ದು ರೇಷ್ಮೆಯಿಂದ. ಮದ್ರಾಸ್ ಪ್ರಾಂತ್ಯದ ಹಿಪ್ಪುನೇರಳೆ ರೇಷ್ಮೆಯಲ್ಲಿ ಬಹುಪಾಲು ಈ ಒಂದೇ ತಾಲ್ಲೂಕಿನದು. ಹಳ್ಳಿಯಲ್ಲಿ ಹುಳು ಸಾಕುವ ರೈತ, ಪಟ್ಟಣದಲ್ಲಿ ನೂಲು ತೆಗೆಯುವವರು, ದೇವಾಂಗರ ಬೀದಿಯ ಮಗ್ಗ, ಸೀರೆ ಪಂಚೆ ಕೊಳ್ಳಲು ಬರುವ ವ್ಯಾಪಾರಿಗಳು ಎಲ್ಲರೂ ಒಂದೇ ಊರಿನಲ್ಲಿ ಸುತ್ತುತ್ತಿದ್ದರು. ಹುಳು ಹಣ್ಣಾಗುವ ವಾರದಲ್ಲಿ ರೈತನ ಮನೆಯವರಿಗೆ ಸರಿಯಾದ ಊಟ ನಿದ್ದೆ ಇರುವುದಿಲ್ಲ. ಗೂಡು ಬಿಡಿಸಿ, ಚೀಲ ತುಂಬಿ, ಮೊದಲ ಬಸ್ಸಿನ ಮೇಲೆ ಹಾಕಿ, ಹರಾಜಾಗಿ ಕೈಗೆ ದುಡ್ಡು ಬಂದ ಮೇಲೇ ಅವನು ಹೋಟೆಲಿನ ಬೆಂಚಿಗೆ ಬರುವುದು. ಆವತ್ತು ಮಸಾಲೆ ದೋಸೆ, ಮೇಲೊಂದು ಸಿಹಿ, ಮನೆಗೆ ಬಾಳೆಲೆಯಲ್ಲಿ ಕಟ್ಟಿಸಿದ ಖಾರ. ಗೂಡಿನ ರೇಟು ಬಿದ್ದ ದಿನ ಬರೀ ಕಾಫಿ. ಹಳೆಯ ಹೋಟೆಲಿನವರು ಮಾರುಕಟ್ಟೆಯ ಕಡೆ ಹೋಗದೆಯೇ ಆ ದಿನದ ಧಾರಣೆ ಹೇಳುತ್ತಿದ್ದರು ಎನ್ನುವುದರಲ್ಲಿ ಉತ್ಪ್ರೇಕ್ಷೆ ಇಲ್ಲ.

ಈ ಬೆಂಚು ಎಲ್ಲರಿಗೂ ಇರಲಿಲ್ಲ. ಹಳೆಯ ಹೋಟೆಲುಗಳ ಬಗ್ಗೆ ಬರೆಯುವವರು ಸಾಂಬಾರಿನ ಘಮದಲ್ಲೇ ಲೇಖನ ಮುಗಿಸಿಬಿಡುತ್ತಾರೆ. ನನಗೆ ಅದು ಅರ್ಧ ಚರಿತ್ರೆ ಅನಿಸುತ್ತದೆ. ಬೋರ್ಡಿನ ಮೇಲೆ ‘ಬ್ರಾಹ್ಮಣರ’ ಎಂದು ಬರೆಸುತ್ತಿದ್ದುದು ಅಡುಗೆಯ ಮಡಿಯ ಜಾಹೀರಾತಷ್ಟೇ ಅಲ್ಲ, ಒಳಗೆ ಯಾರು ಬರಬಹುದು ಎನ್ನುವ ಸೂಚನೆಯೂ ಹೌದು. ಹಳ್ಳಿಯ ಗುಡಿಸಲು ಹೋಟೆಲುಗಳಲ್ಲಿ ದಲಿತರಿಗೆ ಬೇರೆ ಲೋಟ. ಸೂರಿನ ಸಂದಿಯಲ್ಲಿ ಸಿಕ್ಕಿಸಿದ್ದ ಆ ಲೋಟವನ್ನು ತಾವೇ ತೆಗೆದು, ಕುಡಿದು, ತೊಳೆದು, ಅಲ್ಲೇ ಇಡಬೇಕು. ಕೂರುವುದು ಹೊರಗಿನ ನೆಲದ ಮೇಲೆ. ಸಂವಿಧಾನದ 15ನೇ ವಿಧಿ ಹೋಟೆಲನ್ನು ಹೆಸರು ಹಿಡಿದೇ ಎಲ್ಲರಿಗೂ ತೆರೆಯಿತು. 1955ರ ಅಸ್ಪೃಶ್ಯತಾ ಅಪರಾಧಗಳ ಕಾಯ್ದೆ ಅದಕ್ಕೆ ಶಿಕ್ಷೆಯನ್ನೂ ಸೇರಿಸಿತು. ಲೋಟ ಒಂದಾಗಲು ಕಾನೂನಿಗಿಂತ ಹೆಚ್ಚು ಕಾಲ ಹಿಡಿಯಿತು.

ಇದೇ ನೆಲದಲ್ಲಿ ಚಿಕ್ಕಲ್ಲೂರಿನ ಜಾತ್ರೆಯೂ ನಡೆಯುತ್ತದೆ. ಬನದ ಹುಣ್ಣಿಮೆಗೆ ಶುರುವಾಗುವ ಸಿದ್ದಪ್ಪಾಜಿಯ ಆ ಐದು ದಿನಗಳಲ್ಲಿ ಪಂಕ್ತಿಸೇವೆ ಬರುತ್ತದೆ. ಜಾತಿ ಕೇಳದೆ ಒಟ್ಟಿಗೆ ಕೂತು ಬಾಡೂಟ ಮಾಡುವ ಸಂಪ್ರದಾಯ ಅದು. ಮಂಟೇಸ್ವಾಮಿ ಪರಂಪರೆ ಬಯಲಿನಲ್ಲಿ ಒಂದೇ ಸಾಲಿನಲ್ಲಿ ಕೂರಿಸಿದ ಜನರನ್ನು ಪೇಟೆಯ ಹೋಟೆಲು ಒಳಗು ಹೊರಗು ಎಂದು ಬೇರೆ ಮಾಡಿತ್ತು. ಆಧುನಿಕತೆಯನ್ನು ಹೋಟೆಲೇ ತಂದಿತು ಎಂದು ಹೇಳುವವರು ಚಿಕ್ಕಲ್ಲೂರಿನ ಪಂಕ್ತಿಯನ್ನೂ ನೆನೆಯಬೇಕು. ಮಿಲಿಟರಿ ಹೋಟೆಲುಗಳು ಈ ವಿಷಯದಲ್ಲಿ ಒಂದು ಹೆಜ್ಜೆ ಮುಂದಿದ್ದವು. ಹಿಟ್ಟು ಬಾಡಿನ ತಟ್ಟೆಯ ಮುಂದೆ ಮಡಿಯ ಮಾತು ಅಷ್ಟಾಗಿ ನಡೆಯದು.

ಯಳಂದೂರಿನದು ಸಣ್ಣ ಅಧ್ಯಾಯ. ಗೌರೀಶ್ವರ ಗುಡಿಯ 17ನೇ ಶತಮಾನದ ಬಳೆಮಂಟಪ, ಜಹಗೀರುದಾರರ ಬಂಗಲೆ, ಸುವರ್ಣಾವತಿಯ ಗದ್ದೆ ಇವುಗಳ ನಡುವಿನ ಈ ಊರಿಗೆ ರಂಗನ ಬೆಟ್ಟಕ್ಕೆ ಹೋಗುವವರು ಬಸ್ಸು ಬದಲಿಸಲು ಇಳಿಯುತ್ತಿದ್ದರು. ಹತ್ತಿರದ ಮಾಂಬಳ್ಳಿಯಲ್ಲಿ ರೇಷ್ಮೆ ನೂಲು ತೆಗೆಯುವ ಸರ್ಕಾರಿ ಫಿಲೇಚರ್ ಬಂದ ಮೇಲೆ ಪಾಳಿ ಮುಗಿಸಿದ ಕೆಲಸಗಾರರ ಗಿರಾಕಿಯೂ ಸಿಕ್ಕಿತು. ಇಲ್ಲಿನ ಹೋಟೆಲುಗಳಲ್ಲಿ ತಿಂಡಿಗಿಂತ ರಾಜಕೀಯ ಬಿಸಿ. 2004ರಲ್ಲಿ ಸಂತೇಮರಹಳ್ಳಿ ಕ್ಷೇತ್ರದಲ್ಲಿ ಆರ್. ಧ್ರುವನಾರಾಯಣ ಒಂದೇ ಒಂದು ವೋಟಿನಿಂದ ಗೆದ್ದರಲ್ಲ, ಆ ಒಂದು ವೋಟು ಯಾರದೆಂದು ಬೆಂಚಿಗೊಂದು ವಾದ.

ಹನೂರಿನಿಂದ ಮುಂದೆ ಹೋಟೆಲಿನ ಸ್ವಭಾವವೇ ಬೇರೆ. ಮಾದೇಶ್ವರನ ಬೆಟ್ಟಕ್ಕೆ ದೀಪಾವಳಿ, ಶಿವರಾತ್ರಿ, ಯುಗಾದಿಗೆ ನಡೆದು ಹೋಗುವವರು ಅಕ್ಕಿ ಬೇಳೆ ಕಟ್ಟಿಕೊಂಡೇ ಹೊರಡುತ್ತಾರೆ. ಬೆಟ್ಟದಲ್ಲಿ ದಾಸೋಹ ಇದ್ದೇ ಇದೆ. ಹಾಗಾಗಿ ದಾರಿಯ ಅಂಗಡಿಗಳು ಬದುಕುವುದು ಟೀ, ಬೊಂಡ, ಕಡ್ಲೆಪುರಿಯ ಮೇಲೆ. ತೊಂಬತ್ತರ ದಶಕದಲ್ಲಿ ಈ ದಾರಿಯ ಒಲೆಗಳು ಕತ್ತಲಾಗುವ ಮೊದಲೇ ಆರುತ್ತಿದ್ದವು. 1992ರಲ್ಲಿ ರಾಮಾಪುರದ ಪೊಲೀಸ್ ಠಾಣೆಯ ಮೇಲೆ ಕಾಡುಗಳ್ಳ ವೀರಪ್ಪನ್ ದಾಳಿ, 1993ರಲ್ಲಿ ಪಾಲಾರ್ ಬಳಿ ನೆಲಬಾಂಬು, 2002ರಲ್ಲಿ ಕಾಮಗೆರೆಯಿಂದ ಮಾಜಿ ಸಚಿವ ಎಚ್. ನಾಗಪ್ಪನವರ ಅಪಹರಣ, ಕೊನೆಗೆ ಅವರ ಸಾವು. ಟೀ ಅಂಗಡಿಯವನಿಗೆ ಆಗ ಬಾಯಿ ಕಟ್ಟಿಕೊಂಡಿರುವುದೇ ವ್ಯಾಪಾರದ ಮೊದಲ ಪಾಠ. ವೀರಪ್ಪನ್‌ನನ್ನು ಹುಡುಕುವ ಕಾರ್ಯಪಡೆಯವನೂ ಕೂರುತ್ತಾನೆ, ಮಾಹಿತಿ ಕೊಡುವವನೂ ಕೂರುತ್ತಾನೆ, ಕಾಡಿಗೆ ಅಕ್ಕಿ ಸಾಗಿಸುವವನೂ ಕೂರಬಹುದು. 2004ರ ಅಕ್ಟೋಬರ್ 18ರಂದು ವೀರಪ್ಪನ್ ಸತ್ತ ಮೇಲೆ ಸಂಜೆಯ ವ್ಯಾಪಾರ ನಿಧಾನವಾಗಿ ಮರಳಿತು.

ಇದೇ ಸೀಮೆಯ ಒಡೆಯರಪಾಳ್ಯದಲ್ಲಿ 1970ರ ದಶಕದಲ್ಲಿ ಟಿಬೆಟನ್ನರು ನೆಲೆಯಾದರು. ಮುಸುಕಿನ ಜೋಳದ ಹೊಲಗಳ ನಡುವೆ ಮೊಮೊ, ಥುಕ್ಪಾ ಸಿಗುತ್ತದೆ. ಊರು ಬಿಟ್ಟು ಬಂದವರು ಅಡುಗೆಯನ್ನು ನಂಬಿ ಬದುಕುವುದು ಈ ಸೀಮೆಗೆ ಹೊಸದಲ್ಲ; ಘಟ್ಟದ ಕೆಳಗಿನವರ ನಂತರ ಬಂದ ಇನ್ನೊಂದು ತಂಡ ಎನ್ನೋಣ.

1965ರ ಆಹಾರದ ಕೊರತೆಯಲ್ಲಿ ಲಾಲ್ ಬಹಾದ್ದೂರ್ ಶಾಸ್ತ್ರಿಯವರ ಕರೆಗೆ ದೇಶದ ಹೋಟೆಲುಗಳು ಸೋಮವಾರ ಸಂಜೆ ಬಾಗಿಲು ಹಾಕಿದವು. ಅಂಥ ಸಂಕಟಗಳನ್ನು ದಾಟಿದ ಹಳೆಯ ಹೋಟೆಲುಗಳನ್ನು ಮುಚ್ಚಿಸುತ್ತಿರುವುದು ಸಣ್ಣ ಕಾರಣಗಳು. ಮಕ್ಕಳು ಓದಿ ಬೆಂಗಳೂರು ಸೇರಿದ್ದಾರೆ. ಒಲೆಯ ಮುಂದೆ ನಿಲ್ಲುವ ಭಟ್ಟರು ಸಿಗುವುದಿಲ್ಲ. ಪೇಟೆಬೀದಿಯ ಜಾಗಕ್ಕೆ ಮೊಬೈಲ್ ಅಂಗಡಿ ಕೊಡುವ ಬಾಡಿಗೆಯನ್ನು ಇಡ್ಲಿ ಕೊಡಲಾರದು. ಬೆಂಗಳೂರು ಕೊಯಮತ್ತೂರು ಹೆದ್ದಾರಿ ಕೊಳ್ಳೇಗಾಲ, ಯಳಂದೂರಿನ ಮೇಲೇ ಹಾದರೂ 2022ರ ಫೆಬ್ರುವರಿಯಿಂದ ಆಚೆಗಿನ ದಿಂಬಂ ಘಾಟಿಯಲ್ಲಿ ರಾತ್ರಿ ಸಂಚಾರಕ್ಕೆ ತಡೆ ಬಂದಿದೆ. ಅಪರಾತ್ರಿ ಲಾರಿಯವರಿಗೆ ಟೀ ಕಾಸುವ ವ್ಯಾಪಾರಕ್ಕೂ ಅದರ ಬಿಸಿ ತಟ್ಟಿದೆ.

ಊರಿನ ಗುಡಿಗೆ ಶಾಸನ ಇದೆ, ಮಠಕ್ಕೆ ದಾಖಲೆ ಇದೆ, ಕಚೇರಿಗೆ ಕಡತ ಇದೆ. ಹೋಟೆಲಿಗೆ ಇರುವುದು ಸಾಲದ ಪುಸ್ತಕ ಒಂದೇ. ಯಾವ ವರ್ಷ ಕಾಫಿಗೆ ಎಷ್ಟು, ಯಾವ ಸುಗ್ಗಿಯಲ್ಲಿ ಯಾರ ಬಾಕಿ ತೀರಿತು, ಯಾವ ಬರಗಾಲದಲ್ಲಿ ಯಾರದು ತೀರಲಿಲ್ಲ ಎಲ್ಲವೂ ಅದರಲ್ಲಿದೆ. ಈ ಮೂರು ತಾಲ್ಲೂಕುಗಳಲ್ಲಿ ನಿಮ್ಮ ಅಜ್ಜನೋ ಮಾವನೋ ಹೋಟೆಲ್ ನಡೆಸಿದ್ದರೆ, ಅಟ್ಟದ ಮೇಲೆ ಅಂಥದೊಂದು ಪುಸ್ತಕ, ಹಳೆಯ ದರಪಟ್ಟಿಯ ಹಲಗೆ, ಉದ್ಘಾಟನೆಯ ಫೋಟೊ ಉಳಿದಿದ್ದರೆ ದಯವಿಟ್ಟು ರದ್ದಿಗೆ ಹಾಕಬೇಡಿ. ಊರಿನ ಲೈಬ್ರರಿಗೋ ಕಾಲೇಜಿನ ಇತಿಹಾಸದ ಮೇಷ್ಟ್ರಿಗೋ ತೋರಿಸಿ; ಅಷ್ಟೂ ಆಗದಿದ್ದರೆ ಪುಟಗಳ ಫೋಟೊ ತೆಗೆದಿಟ್ಟುಕೊಳ್ಳಿ.