ಮುಗಿಲನ್ನು ಓದುವ ವಿದ್ಯೆ

ಆಷಾಢದಲ್ಲಿ ಆಗುಂಬೆ, ಮಡಿಕೇರಿಗಳಲ್ಲಿ ಹಗಲಿರುಳು ಮಳೆ ಸುರಿಯುವಾಗ ಚಾಮರಾಜನಗರ ತಾಲ್ಲೂಕಿನ ಬದನಗುಪ್ಪೆಯ ಹೊಲಗಳ ಮೇಲೆ ಹೆಚ್ಚಾಗಿ ಬೀಸುವುದು ಗಾಳಿ. ಅರಬ್ಬಿ ಸಮುದ್ರದಿಂದ ತೇವ ಹೊತ್ತು ಬರುವ ಗಾಳಿ ಪಶ್ಚಿಮ ಘಟ್ಟವನ್ನೂ ನೀಲಗಿರಿಯನ್ನೂ ಏರುವಾಗಲೇ ಬಹುಪಾಲು ನೀರನ್ನು ಸುರಿಸಿಬಿಡುತ್ತದೆ. ಚಾಮರಾಜನಗರ, ಗುಂಡ್ಲುಪೇಟೆಗಳ ಬಯಲು ಮಳೆ ನೆರಳಿನಲ್ಲಿ ಉಳಿಯುತ್ತದೆ. ಇಲ್ಲಿನ ರೈತ ನೆಚ್ಚಿಕೊಂಡಿರುವುದು ಮೇ ತಿಂಗಳ ಭರಣಿ, ಕೃತ್ತಿಕೆಯ ಗುಡುಗು ಮಳೆಯನ್ನು ಮತ್ತು ಸೆಪ್ಟೆಂಬರ್–ಅಕ್ಟೋಬರ್‌ನ ಹಸ್ತ, ಚಿತ್ತೆಯನ್ನು. ಇವೆರಡರ ನಡುವೆ ಮಳೆ ಎಷ್ಟು ದಿನ ಕೈಕೊಡುತ್ತದೆ ಎಂಬುದರ ಮೇಲೆ ಜೋಳ, ಹುರುಳಿ, ಸೂರ್ಯಕಾಂತಿ, ಹತ್ತಿಯ ಹಣೆಬರಹ ನಿಂತಿದೆ.

ಈ ಪ್ರಶ್ನೆಯನ್ನೇ ಹಿಡಿದು ಸಂಶೋಧನೆ ನಡೆಸಿ ಪಿಎಚ್‌.ಡಿ. ಪಡೆಯಲು ದೂರ ಹೋಗಬೇಕಿಲ್ಲ. ಜನ ಈಗಲೂ ಟಾಟಾ ಇನ್‌ಸ್ಟಿಟ್ಯೂಟ್ ಎಂದು ಕರೆಯುವ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ವಾಯುಮಂಡಲ ಮತ್ತು ಸಾಗರ ವಿಜ್ಞಾನ ಕೇಂದ್ರವಿದೆ. 1982ರಲ್ಲಿ ಇದು ಶುರುವಾದದ್ದು ವಾಯುಮಂಡಲ ವಿಜ್ಞಾನ ಕೇಂದ್ರವಾಗಿ. ಸಮುದ್ರವನ್ನು ಬಿಟ್ಟು ಮುಂಗಾರನ್ನು ಅರಿಯಲಾಗದು. ಮುಂದೆ ಕೇಂದ್ರದ ಹೆಸರಿನಲ್ಲೂ ಸಾಗರ ಸೇರಿಕೊಂಡಿತು.

ಈ ಕೇಂದ್ರವನ್ನು ಕಟ್ಟಿದವರಲ್ಲಿ ರೊದ್ದಂ ನರಸಿಂಹ, ಸುಲೋಚನಾ ಗಾಡ್ಗೀಳ್ ಪ್ರಮುಖರು. ಪುಣೆಯಲ್ಲಿ ಹುಟ್ಟಿ ಹಾರ್ವರ್ಡ್‌ನಲ್ಲಿ ಪಿಎಚ್‌.ಡಿ. ಮಾಡಿದ ಸುಲೋಚನಾ 1970ರ ದಶಕದ ಮೊದಲಲ್ಲಿ ಭಾರತಕ್ಕೆ ಮರಳಿ ಬೆಂಗಳೂರಿಗೆ ಬಂದರು. ನೆಲ ಕಾದು ಸಮುದ್ರ ತಂಪಾಗಿರುವುದರಿಂದಲೇ ಮುಂಗಾರು ಎಂದು ಶಾಲೆಯಲ್ಲಿ ನಾವೆಲ್ಲ ಓದಿದ್ದೇವೆ. ಸುಲೋಚನಾ ಮತ್ತು ಹವಾಮಾನ ವಿಜ್ಞಾನಿ ಡಿ.ಆರ್. ಸಿಕ್ಕಾ ಉಪಗ್ರಹ ಚಿತ್ರಗಳಲ್ಲಿ ಮೋಡಗಳ ಚಲನೆಯನ್ನು ದಿನದಿನವೂ ಗುರುತಿಸಿ, 1980ರಲ್ಲಿ ಬೇರೊಂದು ಚಿತ್ರವನ್ನು ಮುಂದಿಟ್ಟರು. ಸಮಭಾಜಕದ ಬಳಿಯ ಸಮುದ್ರದ ಮೇಲೆ ಹುಟ್ಟುವ ಮೋಡಪಟ್ಟಿ ಮತ್ತೆ ಮತ್ತೆ ಉತ್ತರಕ್ಕೆ ಸರಿದು ಬಂದು ನೆಲದ ಮೇಲಿನ ಮಳೆಗೆ ಜೀವ ತುಂಬುತ್ತದೆ. ಹಾಗೆ ಬರುವುದು ತಡವಾದರೆ ಹೊಲದಲ್ಲಿ ಪೈರು ಬಾಡುತ್ತದೆ.

ಸುಲೋಚನಾ ಅವರ ಕೆಲಸ ಅಷ್ಟಕ್ಕೇ ನಿಲ್ಲಲಿಲ್ಲ. ಪಾವಗಡ ಮತ್ತು ಅನಂತಪುರ ಸೀಮೆಯ ಕಡಲೆಕಾಯಿ ಬೆಳೆಗಾರರ ಜೊತೆ ಕೂತು, ಹಲವು ದಶಕಗಳ ಮಳೆಯ ದಾಖಲೆಯನ್ನು ಬೆಳೆಯ ಗಣಿತ ಮಾದರಿಗೆ ಹಾಕಿ, ಬಿತ್ತನೆಯ ದಿನ ಬದಲಾದರೆ ನಷ್ಟದ ಅಪಾಯ ಎಷ್ಟು ಬದಲಾಗುತ್ತದೆ ಎಂದು ಲೆಕ್ಕ ಹಾಕಿದರು. ಯಾವ ಪ್ರಶ್ನೆಗೆ ಉತ್ತರ ಬೇಕು ಎಂಬುದನ್ನು ರೈತರಿಂದಲೇ ಕೇಳಿ ತಿಳಿದದ್ದು ಆ ಕೆಲಸದ ಹೆಚ್ಚುಗಾರಿಕೆ. 2025ರ ಜುಲೈನಲ್ಲಿ ಅವರು ತೀರಿಕೊಂಡರು. ಆ ದಾರಿ ಮಾತ್ರ ಮುಂದಿನವರಿಗೆ ತೆರೆದೇ ಇದೆ.

ಸಂಶೋಧನಾ ವಿದ್ಯಾರ್ಥಿಯ ಬದುಕು ಹೇಗಿರುತ್ತದೆ? ಮೊದಲು ತರಗತಿಯ ಪಾಠ: ದ್ರವಗಳ ಚಲನೆ, ಶಾಖ, ಬಿಸಿಲಿನ ವಿಕಿರಣ, ಗಾಳಿ ಮತ್ತು ಸಮುದ್ರದ ಚಲನಶಾಸ್ತ್ರ, ಕಂಪ್ಯೂಟರ್‌ನಲ್ಲಿ ಸಮೀಕರಣ ಬಿಡಿಸುವ ವಿಧಾನ. ಬಳಿಕ ಪ್ರಾಧ್ಯಾಪಕರ ಮುಂದೆ ಸಮಗ್ರ ಪರೀಕ್ಷೆ. ಅದು ಮುಗಿದರೆ ಸ್ವಂತ ಪ್ರಶ್ನೆಯ ಬೆನ್ನುಹತ್ತುವ ವರ್ಷಗಳು. ಹೆಚ್ಚಿನವರು ಉಪಗ್ರಹ ಮಾಹಿತಿ ಮತ್ತು ಕಂಪ್ಯೂಟರ್ ಮಾದರಿಗಳಲ್ಲಿ ಮುಳುಗುತ್ತಾರೆ. ಕೆಲವರು ಹಡಗು ಹತ್ತುತ್ತಾರೆ. 1999ರ ಮಳೆಗಾಲದಲ್ಲಿ ಬಂಗಾಳ ಕೊಲ್ಲಿಯ ಪ್ರಯೋಗಕ್ಕೆ ‘ಸಾಗರ್ ಕನ್ಯಾ’ ಹಡಗು ಹೋದದ್ದೂ 2016ರಲ್ಲಿ ‘ಸಿಂಧು ಸಾಧನಾ’ ಹೋದದ್ದೂ ಈ ಕೇಂದ್ರದ ವಿಜ್ಞಾನಿಗಳ ಮುಂದಾಳ್ತನದಲ್ಲಿ. ಕೊನೆಗೆ ಪ್ರಬಂಧ, ಹೊರಗಿನ ಪರೀಕ್ಷಕರ ಪರಿಶೀಲನೆ, ಎಲ್ಲರೆದುರು ಮೌಖಿಕ ಪರೀಕ್ಷೆ. ಎಲ್ಲ ಸೇರಿ ಸುಮಾರು ಐದು ವರ್ಷ.

ಸೇರಲು ಹವಾಮಾನವನ್ನೇ ಓದಿರಬೇಕೆಂದಿಲ್ಲ. ಭೌತವಿಜ್ಞಾನ ಅಥವಾ ಗಣಿತದ ಎಂ.ಎಸ್ಸಿ., ಇಲ್ಲವೇ ಎಂಜಿನಿಯರಿಂಗ್ ಪದವಿ ಇದ್ದು, ಗೇಟ್ ಅಥವಾ ಸಿಎಸ್‌ಐಆರ್ ನೆಟ್‌ನಂಥ ಪರೀಕ್ಷೆಯಲ್ಲಿ ಅರ್ಹತೆ ಪಡೆದು ಸಂದರ್ಶನ ಎದುರಿಸಬೇಕು. ಕೇಂದ್ರ ಸರ್ಕಾರ 2023ರಿಂದ ಪರಿಷ್ಕರಿಸಿದ ದರದಂತೆ ಸಂಶೋಧಕರ ಫೆಲೋಶಿಪ್ ಮೊದಲೆರಡು ವರ್ಷ ತಿಂಗಳಿಗೆ 37,000 ರೂಪಾಯಿ, ಬಳಿಕ 42,000. ಮನೆಯವರಿಗೆ ಹೊರೆಯಾಗದೆ ಓದಬಹುದು. ಕೃಷಿ ಪದವೀಧರರಿಗೆ ಬೆಂಗಳೂರಿನ ಜಿಕೆವಿಕೆ ಆವರಣದ ಕೃಷಿ ವಿಶ್ವವಿದ್ಯಾಲಯ, ಮಾದರಿಗಳಲ್ಲಿ ಆಸಕ್ತಿ ಇರುವವರಿಗೆ ಪುಣೆಯ ಉಷ್ಣವಲಯ ಹವಾಮಾನ ಸಂಸ್ಥೆ ಕೂಡ ಉಂಟು.

ಹಿಂದೆ ಈ ಬಾಗಿಲು ಇಷ್ಟು ಸಲೀಸಾಗಿ ತೆರೆಯುತ್ತಿರಲಿಲ್ಲ. ಕೇರಳದ ಅನ್ನಾ ಮಣಿ 1940ರ ದಶಕದಲ್ಲಿ ಬೆಂಗಳೂರಿನ ಇದೇ ವಿಜ್ಞಾನ ಸಂಸ್ಥೆಯಲ್ಲಿ ಸಿ.ವಿ. ರಾಮನ್ ಅವರ ಪ್ರಯೋಗಾಲಯದಲ್ಲಿ ವಜ್ರ, ಮಾಣಿಕ್ಯಗಳ ಮೇಲೆ ಸಂಶೋಧನೆ ಮಾಡಿ ಪ್ರಬಂಧ ಒಪ್ಪಿಸಿದರು. ಎಂ.ಎಸ್ಸಿ. ಇಲ್ಲವೆಂದು ಮದ್ರಾಸ್ ವಿಶ್ವವಿದ್ಯಾಲಯ ಡಾಕ್ಟರೇಟ್ ಕೊಡಲಿಲ್ಲ. ಅವರು ಇಂಗ್ಲೆಂಡಿಗೆ ಹೋಗಿ ಹವಾಮಾನ ಉಪಕರಣಗಳ ವಿದ್ಯೆ ಕಲಿತು ಬಂದು, ಸ್ವತಂತ್ರ ಭಾರತದ ಹವಾಮಾನ ಇಲಾಖೆಗೆ ಬೇಕಾದ ಉಪಕರಣಗಳು ಇಲ್ಲೇ ತಯಾರಾಗುವಂತೆ ಮಾಡಿದರು. ಪದವಿ ಸಿಗದಿದ್ದರೂ ಅವರ ವಿದ್ಯೆ ದೇಶಕ್ಕೆ ದಕ್ಕಿತು.

ಉತ್ತರ ಸಿಗದ ಪ್ರಶ್ನೆಗಳು ಇಂದಿಗೂ ಉಳಿದಿವೆ. 2025ರ ಮೇನಲ್ಲಿ ಬಳಕೆಗೆ ಬಂದ ‘ಭಾರತ್ ಫೋರ್‌ಕಾಸ್ಟ್ ಸಿಸ್ಟಮ್’ ದೇಶವನ್ನು 6 ಕಿಲೋಮೀಟರ್ ಅಗಲದ ಚೌಕಗಳಾಗಿ ವಿಂಗಡಿಸಿ ಹವಾಮಾನದ ಮುನ್ಸೂಚನೆ ಕೊಡುತ್ತದೆ. ಹಿಂದಿನದು 12 ಕಿಲೋಮೀಟರ್ ಇತ್ತು. ಆದರೂ ಬೇಸಿಗೆಯ ಸಂಜೆ ಅರೆಗಳಿಗೆ ಬೀಸಿ ಗುಂಡ್ಲುಪೇಟೆ, ಚಾಮರಾಜನಗರದ ಬಾಳೆತೋಟವನ್ನು ಮಲಗಿಸುವ ಬಿರುಗಾಳಿ ಆ ಚೌಕಕ್ಕಿಂತಲೂ ಚಿಕ್ಕದು. ಅದು ಎಲ್ಲಿ, ಯಾವಾಗ ಏಳುತ್ತದೆ ಎಂಬುದು ಒಂದು ಒಳ್ಳೆಯ ಪಿಎಚ್‌.ಡಿ. ಪ್ರಬಂಧಕ್ಕೆ ಸಾಕಾಗುವ ವಿಷಯ. ಆ ಗಾಳಿಯ ನಷ್ಟವನ್ನು ಮನೆಯಲ್ಲೇ ಕಂಡವರು ಅದನ್ನು ಕೈಗೆತ್ತಿಕೊಂಡರೆ ಸಂಶೋಧನೆಗೆ ತೂಕ ಬರುತ್ತದೆ.

ಈ ಭಾಗದ ಕಾಲೇಜುಗಳಲ್ಲಿ ಗಣಿತ, ಭೌತವಿಜ್ಞಾನ ಕಲಿಸುವ ಮೇಷ್ಟ್ರುಗಳು, ಮೇಡಂಗಳಲ್ಲಿ ಒಂದು ಕೋರಿಕೆ. ಲೆಕ್ಕದಲ್ಲಿ ಚುರುಕಾಗಿರುವ ಹುಡುಗ ಹುಡುಗಿಯರಿಗೆ ಬ್ಯಾಂಕ್ ಪರೀಕ್ಷೆ, ಸಾಫ್ಟ್‌ವೇರ್ ಕೆಲಸಗಳ ಜೊತೆಗೆ ಈ ದಾರಿಯನ್ನೂ ತೋರಿಸಿ. ಮಳೆ ನೆರಳಿನ ನಾಡಿಗೆ ಮಳೆ ಬಲ್ಲ ತನ್ನದೇ ವಿಜ್ಞಾನಿಗಳು ಬೇಕು.